ಶಾಸನಪಾಠವೂ ಡಿಜಿಟಲ್ ಕ್ಯಾಮೆರಾದ ತಲೆಮಾರುಗಳೂ

ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಾಲಯದ ಬಳಿಯ ಬಂಡೆಯಲ್ಲಿ ೧೬೬೯ನೆಯ ಇಸವಿಯ ಶಾಸನವೊಂದುಂಟು. ಏಕೋಜಿಯು ಮಲ್ಲಾಪುರದ ಮಲ್ಲಿಕಾರ್ಜುನದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಬಿಟ್ಟ ಸಂಗತಿಯು ಅದರಿಂದ ತಿಳಿದುಬರುತ್ತದೆ. ಸ್ಥಳಚರಿತ್ರೆಗೆ ಇಂತಹ ಅಕ್ಷರಗಳೇ ಆಧಾರವಾಗಿರುವುದರಿಂದ, ಅವುಗಳ ಪ್ರತಿ ತೆಗೆಯುವ ಸಾಧನದ ಗುಣದೋಷವಿಚಾರವು ಯಂತ್ರಜ್ಞರಿಗೆ ಮಾತ್ರ ಬಿಟ್ಟುದಲ್ಲ.

ಪಡಿಯಚ್ಚಿನ ಕ್ರಮವು ಎಲ್ಲರಿಗೂ ತಿಳಿದುದೇ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಕುಂಚದಿಂದ ಬಡಿದು, ಮಸಿಯೊತ್ತಿದರೆ ತಗ್ಗಿನ ಅಕ್ಷರವು ಬೆಳ್ಳಗೆ ಉಳಿಯುವುದು. ಅದು ಆಳವನ್ನು ಸ್ಪರ್ಶದಿಂದ ಅರಿಯುವ ಕ್ರಮ. ಛಾಯಾಚಿತ್ರವಾದರೋ ಅದನ್ನು ನೆರಳಿನಿಂದ ಊಹಿಸತಕ್ಕದ್ದು.

ವೃತ್ತಿಯವರ ಡಿಜಿಟಲ್ ಕ್ಯಾಮೆರಾಗಳಲ್ಲಿ ಸ್ಥಾಲೀಪುಲಾಕನ್ಯಾಯದಿಂದ ನಿಕಾನ್ ಸಂತತಿಯ ಮೂರನ್ನು ನೋಡಬಹುದು. ೧೯೯೯ರ ಡಿ೧ ಎಂಬುದರಲ್ಲಿ ಸುಮಾರು ೨೭ ಲಕ್ಷ ಪಿಕ್ಸೆಲ್‌ಗಳಿದ್ದುವು. ೨೦೦೪ರಲ್ಲಿ ಘೋಷಿತವಾದ ಡಿ೨ಎಕ್ಸ್‌ನಲ್ಲಿ ಅವು ೧೨೪ ಲಕ್ಷಕ್ಕೇರಿದುವು. ೨೦೦೭ರ ಡಿ೩ರಲ್ಲಿ ಸಂಖ್ಯೆಯು ಹೆಚ್ಚದೆ ೧೨೧ ಲಕ್ಷಕ್ಕಿಳಿಯಿತು. ಇದನ್ನು ಹ್ರಾಸವೆಂದೆಣಿಸಲಾಗದು. ಅದೆಂತೆಂದರೆ, ಬೆಳಕನ್ನು ಗ್ರಹಿಸುವ ಸೆನ್ಸರಿನ ವಿಸ್ತಾರವು ಇಮ್ಮಡಿಗೂ ಮಿಕ್ಕಿ ಬೆಳೆದು, ಪ್ರತಿಯೊಂದು ಪಿಕ್ಸೆಲಿಗೂ ಹೆಚ್ಚು ಬೆಳಕು ಒದಗಿತು. ಸಾಮಾನ್ಯ ಪರಿಮಿತಿಯ ಐ.ಎಸ್.ಓ. ೮೦೦ರಿಂದ ೬೪೦೦ಕ್ಕೇರಿತು. ಗರ್ಭಗುಡಿಯ ಮಬ್ಬಿನಲ್ಲಿರುವ ಕಲ್ಲಿಗೆ ಸಂಖ್ಯಾಧಿಕ್ಯಕ್ಕಿಂತ ಈ ಗುಣವೇ ಉಪಕಾರಕವು.

ಆದರೂ ಸವೆದ ಅಕ್ಷರದ ವಿಷಯದಲ್ಲಿ ಈ ಮೂರಕ್ಕೂ ಒಂದೇ ಮಿತಿ. ಬೆಳಕು ಎದುರಿನಿಂದ ಬಿದ್ದರೆ ನೆರಳಿಲ್ಲ, ನೆರಳಿಲ್ಲದೆ ಗೀರಿಲ್ಲ. ಓರೆಬೆಳಕನ್ನು ಬೀರಿದರೂ ಒಂದು ದಿಕ್ಕಿನಲ್ಲಿ ಕಂಡ ಗೆರೆಯು ಮತ್ತೊಂದು ದಿಕ್ಕಿನಲ್ಲಿ ಅಡಗುವುದು. ಕಲ್ಲಿನ ಬಿರುಕನ್ನು ಒತ್ತಕ್ಷರವೆಂದೋದಿದರೆ ಊರಿನ ಹೆಸರೇ ಬೇರೆಯಾದೀತು.

೨೦೨೧ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯು ಕೈಗೊಂಡ ಮೂರು ಆಯಾಮಗಳ ಸ್ಕ್ಯಾನಿಂಗಿನ ಮಹತ್ತ್ವವು ಇಲ್ಲಿಯೇ ಇದೆ. ಸ್ಕ್ಯಾನರು ಮೇಲ್ಮೈಯ ಏರುತಗ್ಗುಗಳನ್ನೇ ಅಳೆಯುವುದರಿಂದ, ಬೆಳಕಿನ ದಿಕ್ಕನ್ನು ಆಮೇಲೆ ಬೇಕಾದಂತೆ ಬದಲಿಸಿ ಓದಬಹುದು. ತತ್ತ್ವದೃಷ್ಟಿಯಿಂದ ಇದು ಕ್ಯಾಮೆರಾದ ಮುಂದಿನ ತಲೆಮಾರೆನ್ನುವುದಕ್ಕಿಂತ ಪಡಿಯಚ್ಚಿನ ಮೊಮ್ಮಗುವೆನ್ನುವುದೇ ಯುಕ್ತವು.

ಹಾಗೆಂದು ಹಳೆಯ ಪ್ರತಿಗಳು ತ್ಯಾಜ್ಯವಲ್ಲ. ಬಿ. ಎಲ್. ರೈಸರು ೧೯೦೫ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು ಪ್ರಕಟಿಸಿದ ಬಳಿಕ ನಗರವು ಬೆಳೆದು ಹಲವು ಕಲ್ಲುಗಳು ನಷ್ಟವಾದುವು. ಕಲ್ಲೇ ಇಲ್ಲದೆಡೆ ಯಾವ ನೂತನ ಯಂತ್ರವೂ ನಿರುಪಾಯವು. ಮುದ್ರಿತ ಪಾಠವೂ ಉಳಿದ ಪಡಿಯಚ್ಚೂ ಅಲ್ಲಿ ಮೂಲದ ಸ್ಥಾನವನ್ನೇ ಪಡೆಯುತ್ತವೆ. ಆದಕಾರಣ ಪ್ರತಿಯೊಂದು ಪಾಠದೊಡನೆಯೂ ಅದನ್ನು ಯಾವ ವರ್ಷದಲ್ಲಿ, ಯಾವ ಸಾಧನದಿಂದ, ಯಾವ ಬೆಳಕಿನಲ್ಲಿ ಗ್ರಹಿಸಿದುದೆಂಬುದನ್ನು ಸಂಪಾದಕರು ನಮೂದಿಸುವುದು ಅವಶ್ಯಕವಾಗಿದೆ.