ಎಂಜಿನ್ ಕೋಣೆಯ ದಿನಚರಿ



ಹಡಗುಗಳ ಚರಿತ್ರೆ ಎಂದೊಡನೆ ನಿಮಗೆ ನೆನಪಾಗುವವರು ಕೊಲಂಬಸ್, ವಾಸ್ಕೋ ಡ ಗಾಮ, ಕ್ಯಾಪ್ಟನ್ ಕುಕ್ ಮೊದಲಾದವರು. ಇವರೆಲ್ಲ ಹಡಗಿನ ಮೇಲ್ಭಾಗದಲ್ಲಿ, ಗಾಳಿ ಬೆಳಕಿನಲ್ಲಿ ನಿಂತು ಕೆಲಸ ಮಾಡಿದವರು. ಉಗಿಯಂತ್ರ ಬಂದ ಮೇಲೆ ಹಡಗಿನ ಚರಿತ್ರೆಯ ಮುಖ್ಯ ಭಾಗವೊಂದು ಕೆಳಕ್ಕಿಳಿಯಿತು. ಅಲ್ಲಿ, ಸೂರ್ಯನನ್ನೇ ಕಾಣದ ಒಂದು ಕೋಣೆಯಲ್ಲಿ, ಬೆವರು ಸುರಿಸುತ್ತ ಕೆಲವರು ಅಂಕಿಗಳನ್ನು ಬರೆದಿಡತೊಡಗಿದರು. ಆ ಪುಸ್ತಕವೇ ಎಂಜಿನ್ ಕೋಣೆಯ ಲಾಗ್ ಪುಸ್ತಕ, ಅಂದರೆ ದಿನಚರಿ. ಇಂಥ ಒಣ ಅಂಕಿಗಳ ಪುಸ್ತಕಕ್ಕೂ ಚರಿತ್ರೆಗೂ ಏನು ಸಂಬಂಧ? ಅದನ್ನೇ ಈ ಲೇಖನದಲ್ಲಿ ನೋಡೋಣ.

ಮೊದಲು ಹೆಸರಿನ ವಿಷಯ. ಲಾಗ್ ಎಂದರೆ ಮರದ ದಿಮ್ಮಿ. ಹಾಯಿ ಹಡಗಿನ ಕಾಲದಲ್ಲಿ ಹಗ್ಗಕ್ಕೆ ಮರದ ತುಂಡು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ನಿರ್ದಿಷ್ಟ ಸಮಯದಲ್ಲಿ ಎಷ್ಟು ಹಗ್ಗ ಬಿಚ್ಚಿಕೊಂಡಿತು ಎಂಬುದರಿಂದ ಹಡಗಿನ ವೇಗ ತಿಳಿಯುತ್ತಿತ್ತು. ಆ ವೇಗವನ್ನು ಬರೆದಿಡುವ ಪುಸ್ತಕ ಲಾಗ್ ಪುಸ್ತಕವಾಯಿತು. ಮುಂದೆ ಎಂಜಿನ್ ಕೋಣೆಗೂ ಅದೇ ಹೆಸರು ಹೋಯಿತು.

ಕಲ್ಲಿದ್ದಲಿನ ಪ್ರಶ್ನೆ

1830ರ ದಶಕದಲ್ಲಿ ಯುರೋಪಿನ ಎಂಜಿನಿಯರುಗಳ ಮುಂದೆ ಒಂದು ದೊಡ್ಡ ಪ್ರಶ್ನೆ ಇತ್ತು. ಉಗಿಹಡಗು ಎಲ್ಲಿಯೂ ನಿಲ್ಲದೆ, ಉದ್ದಕ್ಕೂ ಉಗಿಯ ಬಲದಿಂದಲೇ, ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಬಲ್ಲುದೇ? ದಾರಿಗೆ ಬೇಕಾದಷ್ಟು ಕಲ್ಲಿದ್ದಲನ್ನು ತುಂಬಿದರೆ ಪ್ರಯಾಣಿಕರಿಗೂ ಸರಕಿಗೂ ಸ್ಥಳ ಉಳಿಯುವುದೇ? ಡಯೋನೀಸಿಯಸ್ ಲಾರ್ಡ್ನರ್ ಎಂಬ ಪ್ರಸಿದ್ಧ ವಿಜ್ಞಾನ ಉಪನ್ಯಾಸಕ 1836ರಲ್ಲಿ ಬ್ರಿಸ್ಟಲ್ ನಗರದಲ್ಲಿ ಈ ಬಗ್ಗೆ ಮಾತನಾಡಿದ. ಆಗ ಓಡುತ್ತಿದ್ದ ಹಡಗುಗಳ ಕಲ್ಲಿದ್ದಲು ಖರ್ಚನ್ನು ಲೆಕ್ಕ ಹಾಕಿ, ಅಷ್ಟು ದೂರದ ನೇರ ಪ್ರಯಾಣ ನಂಬತಕ್ಕದ್ದಲ್ಲ ಎಂದು ವಾದಿಸಿದ.

ಇಸಂಬಾರ್ಡ್ ಬ್ರೂನೆಲ್ ಎಂಬ ಎಂಜಿನಿಯರ್ ಇದನ್ನು ಒಪ್ಪಲಿಲ್ಲ. ಅವನ ತರ್ಕ ನಿಮ್ಮ ಗಣಿತದ ಪಾಠದಲ್ಲೇ ಇದೆ. ಹಡಗಿನ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದರೆ ಅದರ ಒಳಗಿನ ಜಾಗ ಎಂಟು ಪಟ್ಟಾಗುತ್ತದೆ. ಆದರೆ ನೀರಿನ ತಡೆಗೆ ಸಿಕ್ಕುವ ಮೇಲ್ಮೈ ನಾಲ್ಕು ಪಟ್ಟು ಮಾತ್ರ ಆಗುತ್ತದೆ. ಅಂದರೆ ಹಡಗು ದೊಡ್ಡದಾದಷ್ಟೂ ಪ್ರತಿ ಟನ್ನಿಗೆ ತಗಲುವ ಕಲ್ಲಿದ್ದಲು ಕಡಿಮೆಯಾಗಬೇಕು. ಈ ತರ್ಕದ ಮೇಲೆ ಕಟ್ಟಿದ ಹಡಗೇ 'ಗ್ರೇಟ್ ವೆಸ್ಟರ್ನ್'. ಅದು ಬ್ರಿಸ್ಟಲಿನಲ್ಲಿ 1837ರ ಜುಲೈ 19ರಂದು ನೀರಿಗಿಳಿಯಿತು.

ಲಂಡನ್ನಿನಲ್ಲಿ ಎಂಜಿನ್ ಜೋಡಿಸಿಕೊಂಡು ಹಿಂದಿರುಗುವಾಗ, 1838ರ ಮಾರ್ಚ್ 31ರಂದು, ಬಾಯ್ಲರಿನ ಮೇಲ್ಭಾಗದಲ್ಲಿ ಬೆಂಕಿ ಹತ್ತಿತು. ಸ್ವತಃ ಬ್ರೂನೆಲ್ ಸುಟ್ಟ ಏಣಿಯಿಂದ ಕೆಳಗೆ ಬಿದ್ದು ಗಾಯಗೊಂಡ. ಹೊಗೆಯ ನಡುವೆಯೇ ಕೆಳಗಿಳಿದು ಬಾಯ್ಲರುಗಳನ್ನು ಕಾಪಾಡಿದವನು ಮುಖ್ಯ ಎಂಜಿನಿಯರ್ ಜಾರ್ಜ್ ಪಿಯರ್ನ್. ಬೆಂಕಿಯ ಸುದ್ದಿ ಕೇಳಿ ಸುಮಾರು 50 ಪ್ರಯಾಣಿಕರು ಟಿಕೆಟ್ ರದ್ದು ಮಾಡಿಸಿಕೊಂಡರು. ಏಪ್ರಿಲ್ 8ರಂದು ಹಡಗು ಹೊರಟಾಗ ಅದರಲ್ಲಿದ್ದ ಪ್ರಯಾಣಿಕರು ಏಳೇ ಮಂದಿ.

ಏಪ್ರಿಲ್ 23ರಂದು ಗ್ರೇಟ್ ವೆಸ್ಟರ್ನ್ ನ್ಯೂಯಾರ್ಕ್ ತಲುಪಿತು. ಅದಕ್ಕಿಂತ ನಾಲ್ಕು ದಿನ ಮೊದಲೇ ಐರ್ಲೆಂಡಿನಿಂದ ಹೊರಟಿದ್ದ 'ಸಿರಿಯಸ್' ಎಂಬ ಚಿಕ್ಕ ಹಡಗು ಒಂದು ದಿನ ಮುಂಚೆ ಅಲ್ಲಿ ಸೇರಿತ್ತು. ಮೊದಲು ಮುಟ್ಟಿದ ಕೀರ್ತಿ ಸಿರಿಯಸ್‌ಗೆ ಸಂದಿತು. ಆದರೆ ಎಂಜಿನಿಯರುಗಳಿಗೆ ಬೇಕಾಗಿದ್ದ ಉತ್ತರ ಬೇರೆಯೇ. ಗ್ರೇಟ್ ವೆಸ್ಟರ್ನ್ ಸುಮಾರು ಹದಿನೈದು ದಿನ ಓಡಿಯೂ ಅದರ ಉಗ್ರಾಣದಲ್ಲಿ ಸುಮಾರು 200 ಟನ್ ಕಲ್ಲಿದ್ದಲು ಮಿಕ್ಕಿತ್ತು! ಎರಡು ವರ್ಷಗಳ ವಾದಕ್ಕೆ ಈ ಒಂದು ಅಂಕಿ ಉತ್ತರ ಕೊಟ್ಟಿತು.

ಇಂಥ ಅಂಕಿಗಳನ್ನು ಪ್ರಯಾಣದುದ್ದಕ್ಕೂ ಬರೆದಿಟ್ಟವನು ಅದೇ ಪಿಯರ್ನ್. ನ್ಯೂಯಾರ್ಕ್ ಮುಟ್ಟಿದ ಮೇಲೆ ಬಾಯ್ಲರಿನ ನೀರನ್ನು ಹೊರಬಿಡುವ ಕೆಲಸದಲ್ಲಿದ್ದಾಗ ಆತ ಕುದಿನೀರು ಮತ್ತು ಉಗಿಗೆ ಸಿಕ್ಕಿ ಅಸುನೀಗಿದ. ಅದೇ ವರ್ಷ ಕಂಪನಿಯ ಕ್ರಿಸ್ಟೋಫರ್ ಕ್ಲಾಕ್ಸ್‌ಟನ್ ಆ ಮೊದಲ ಪ್ರಯಾಣದ ದಿನಚರಿಗಳನ್ನು ಅಚ್ಚು ಮಾಡಿಸಿದಾಗ, ಪಿಯರ್ನ್ ಬರೆದಿಟ್ಟದ್ದೂ ಅದರಲ್ಲಿ ಸೇರಿತು. ಬರೆದವನು ಇರಲಿಲ್ಲ. ಆದರೆ ಮುಂದಿನ ಹಡಗುಗಳನ್ನು ಕಟ್ಟುವವರಿಗೆ ಅವನ ಲೆಕ್ಕ ಸಿಕ್ಕಿತು.

ಏನನ್ನು ಬರೆಯಬೇಕು, ಹೇಗೆ ಬರೆಯಬೇಕು?

ಆ ಕಾಲದಲ್ಲಿ ಬಾಯ್ಲರಿಗೆ ಸಮುದ್ರದ ನೀರನ್ನೇ ಬಳಸುತ್ತಿದ್ದರು. ಸಮುದ್ರದ ನೀರಿನಲ್ಲಿ ನೂರಕ್ಕೆ ಸುಮಾರು 3.5 ಭಾಗ ಉಪ್ಪಿರುತ್ತದೆ. ನೀರು ಆವಿಯಾಗಿ ಹೋದರೂ ಉಪ್ಪು ಒಳಗೇ ಉಳಿದು, ಲೋಹದ ಮೇಲೆ ಗಟ್ಟಿ ಹೊಪ್ಪಳಿಕೆಯಂತೆ ಕೂಡುತ್ತದೆ. ಶಾಖ ನೀರಿಗೆ ತಲುಪದೆ ಲೋಹವೇ ಕೆಂಪಗೆ ಕಾಯ್ದು ಬಾಯ್ಲರ್ ಒಡೆಯುವ ಅಪಾಯವಿರುತ್ತದೆ. ಆದ್ದರಿಂದ ಉಪ್ಪು ಹೆಚ್ಚಾದ ನೀರನ್ನು ಆಗಾಗ ಹೊರಬಿಡಬೇಕು. ಹೆಚ್ಚು ಬಿಟ್ಟರೆ ಕಾಯಿಸಿದ ನೀರಿನ ಜೊತೆಗೆ ಕಲ್ಲಿದ್ದಲೂ ವ್ಯರ್ಥ. ಕಡಿಮೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಎಷ್ಟು ಬಿಡಬೇಕೆಂಬುದನ್ನು ಅಂದಾಜಿನಿಂದ ತಿಳಿಯಲಾಗದು. ಅಳೆಯಬೇಕು, ಬರೆಯಬೇಕು, ಹಿಂದಿನ ಅಂಕಿಯೊಡನೆ ಹೋಲಿಸಬೇಕು. ಉಗಿಯ ಒತ್ತಡ, ಕಂಡೆನ್ಸರಿನ ನಿರ್ವಾತ, ಎಂಜಿನ್ನಿನ ಸುತ್ತುಗಳ ಸಂಖ್ಯೆ, ಉರಿಸಿದ ಕಲ್ಲಿದ್ದಲು, ಇವೆಲ್ಲಕ್ಕೂ ಇದೇ ಮಾತು.

ಎಂಜಿನ್ ಕೋಣೆಯ ಕೆಲಸ ಸಾಮಾನ್ಯವಾಗಿ ನಾಲ್ಕು ಗಂಟೆಗಳ ಪಾಳಿಯಲ್ಲಿ ನಡೆಯುತ್ತದೆ. ಪಾಳಿ ಮುಗಿಸುವ ಎಂಜಿನಿಯರ್ ಅಂಕಿಗಳನ್ನು ತುಂಬಿ ಸಹಿ ಹಾಕುತ್ತಾನೆ. ಮುಂದಿನವನು ಅದನ್ನು ಓದಿಕೊಂಡು ಕೆಲಸಕ್ಕೆ ನಿಲ್ಲುತ್ತಾನೆ. ಲೇಖನಿಯಿಂದಲೇ ಬರೆಯಬೇಕು. ತಪ್ಪಾದರೆ ಅಳಿಸಬಾರದು, ಹಾಳೆ ಹರಿಯಬಾರದು. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ಸಹಿ ಮಾಡಬೇಕು. ಮೊದಲು ಏನು ಬರೆದಿತ್ತು ಎಂಬುದೂ ಕಾಣುತ್ತಿರಬೇಕು. ನಿಮ್ಮ ಪ್ರಯೋಗಾಲಯದ ಪುಸ್ತಕಕ್ಕೂ ಇದೇ ನಿಯಮವಲ್ಲವೇ? ನಮ್ಮ ಟೆಲಿವಿಷನ್ ಕೇಂದ್ರಗಳಲ್ಲೂ ಪ್ರಸಾರದ ಲಾಗ್ ಪುಸ್ತಕ ಇರುತ್ತದೆ. ಪ್ರಸಾರ ಎರಡು ನಿಮಿಷ ನಿಂತಿದ್ದರೆ ಅದನ್ನು ಆಗಲೇ ಬರೆಯಬೇಕು. ಮರುದಿನ ಜ್ಞಾಪಿಸಿಕೊಂಡು ಬರೆದದ್ದು ದಾಖಲೆಯಲ್ಲ, ಕಥೆ.

ಸುಳ್ಳು ದಾಖಲೆಯ ಬೆಲೆ

ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿದ್ದಲಿನ ಜಾಗಕ್ಕೆ ತೈಲ ಬಂದಿತು. ಎಂಜಿನ್ ಕೋಣೆಯ ತಳದಲ್ಲಿ ಎಣ್ಣೆ ಬೆರೆತ ಕೊಳಕು ನೀರು ಶೇಖರವಾಗುತ್ತದೆ. ಅದನ್ನು ಹಾಗೆಯೇ ಸಮುದ್ರಕ್ಕೆ ಚೆಲ್ಲಿದರೆ ಜಲಚರಗಳಿಗೆ ಕೇಡು. ಇದನ್ನು ತಡೆಯಲು 'ಮಾರ್ಪೋಲ್' ಎಂಬ ಅಂತರರಾಷ್ಟ್ರೀಯ ಒಪ್ಪಂದ 1973 ಮತ್ತು 1978ರಲ್ಲಿ ರೂಪುಗೊಂಡು 1983ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ಅದರ ಪ್ರಕಾರ ಎಣ್ಣೆಯ ಅಂಶ ಹತ್ತು ಲಕ್ಷಕ್ಕೆ 15 ಭಾಗ ಮೀರಿದ ನೀರನ್ನು ಹೊರಬಿಡುವಂತಿಲ್ಲ. ಇದರ ಲೆಕ್ಕಕ್ಕೆಂದೇ 'ತೈಲ ದಾಖಲೆ ಪುಸ್ತಕ' ಇರಬೇಕು. ಪ್ರತಿ ಕೆಲಸಕ್ಕೂ ಹೊಣೆಗಾರ ಅಧಿಕಾರಿಯ ಸಹಿ, ತುಂಬಿದ ಪ್ರತಿ ಪುಟಕ್ಕೂ ಕಪ್ತಾನನ ಸಹಿ ಬೇಕು. ಕೊನೆಯ ನಮೂದಿನ ನಂತರ ಮೂರು ವರ್ಷ ಪುಸ್ತಕವನ್ನು ಕಾಪಾಡಬೇಕು.

2013ರ ಆಗಸ್ಟ್‌ನಲ್ಲಿ 'ಕೆರಿಬಿಯನ್ ಪ್ರಿನ್ಸೆಸ್' ಎಂಬ ಪ್ರವಾಸಿ ಹಡಗಿಗೆ ಹೊಸದಾಗಿ ಸೇರಿದ್ದ ಎಂಜಿನಿಯರೊಬ್ಬ, ಶುದ್ಧೀಕರಣ ಯಂತ್ರವನ್ನು ತಪ್ಪಿಸಿ ಕೊಳಕು ನೀರನ್ನು ಸಮುದ್ರಕ್ಕೆ ಬಿಡಲು ಗುಟ್ಟಾಗಿ ಕೊಳವೆ ಜೋಡಿಸಿರುವುದನ್ನು ಕಂಡ. ಅದಕ್ಕೆ ನಾವಿಕರಲ್ಲಿ 'ಮಾಯಾ ಕೊಳವೆ' ಎಂದೇ ಹೆಸರು. ಮಾಪಕದ ದಾಖಲೆ ಸರಿಯಾಗಿ ಕಾಣಲೆಂದು ಯಂತ್ರದ ಮೂಲಕ ಶುದ್ಧ ಸಮುದ್ರದ ನೀರನ್ನು ಹಾಯಿಸುತ್ತಿದ್ದರು! ಆತ ಇಂಗ್ಲೆಂಡಿನ ಬಂದರಿನಲ್ಲಿ ಇಳಿದು, ಕೆಲಸ ಬಿಟ್ಟು, ಅಧಿಕಾರಿಗಳಿಗೆ ತಿಳಿಸಿದ. ವಿಚಾರಣೆ ಅಮೆರಿಕದಲ್ಲಿ ನಡೆಯಿತು. 2016ರ ಡಿಸೆಂಬರ್‌ನಲ್ಲಿ ಪ್ರಿನ್ಸೆಸ್ ಕಂಪನಿ ತಪ್ಪೊಪ್ಪಿಗೆಗೆ ಮುಂದಾಗಿ 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು.

ಇಲ್ಲೊಂದು ಸೂಕ್ಷ್ಮವಿದೆ. ದೂರದ ಸಮುದ್ರದಲ್ಲಿ ನಡೆದ ವಿಸರ್ಜನೆಯ ಮೇಲೆ ಇನ್ನೊಂದು ದೇಶದ ನ್ಯಾಯಾಲಯ ಕ್ರಮ ಕೈಗೊಳ್ಳುವುದು ಕಷ್ಟ. ಆದರೆ ಸುಳ್ಳು ಬರೆದ ಪುಸ್ತಕದೊಡನೆ ಹಡಗು ತನ್ನ ಬಂದರಿಗೆ ಬಂದರೆ, ಅದು ಅಲ್ಲೇ ನಡೆದ ಅಪರಾಧ. ಅಮೆರಿಕದಲ್ಲಿ ಇಂಥ ಅನೇಕ ಮೊಕದ್ದಮೆಗಳು ನಿಂತಿರುವುದು ಈ ಪುಸ್ತಕದ ಮೇಲೆಯೇ.

ಯಾರೂ ಊಹಿಸದ ಉಪಯೋಗ

ಮೋಸವಿಲ್ಲದೆ ಬರೆದರೆ ಸಾಕೇ? ಸಾಲದು ಎಂಬುದಕ್ಕೆ ಇನ್ನೊಂದು ಉದಾಹರಣೆ ಇದೆ. ಎಂಜಿನ್ನನ್ನು ತಂಪು ಮಾಡಲು ಹೊರಗಿನ ಸಮುದ್ರದ ನೀರನ್ನು ಒಳಕ್ಕೆ ಎಳೆಯುತ್ತಾರೆ. ಆ ನೀರಿನ ಉಷ್ಣತೆಯನ್ನೂ ಬರೆದಿಡುತ್ತಾರೆ. ಯಂತ್ರದ ಅನುಕೂಲಕ್ಕೆಂದು ಹುಟ್ಟಿದ ಈ ಅಂಕಿ, ಭೂಮಿಯ ಹವಾಮಾನ ಬದಲಾವಣೆಯನ್ನು ಅಳೆಯುವ ವಿಜ್ಞಾನಿಗಳಿಗೆ ನಿಧಿಯಾಯಿತು.

ಆದರೆ ಹಳೆಯ ದಾಖಲೆಗಳನ್ನೆಲ್ಲ ಕೂಡಿಸಿದಾಗ, 1945ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಇದ್ದಕ್ಕಿದ್ದಂತೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್ ಕುಸಿದಂತೆ ಕಾಣುತ್ತಿತ್ತು. ಕಾರಣ 2008ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಈ ಅಳತೆಗಳಲ್ಲಿ ನೂರಕ್ಕೆ ಸುಮಾರು 80 ಅಮೆರಿಕದ ಹಡಗುಗಳವು. ಅವರು ಹೆಚ್ಚಾಗಿ ಎಂಜಿನ್ ಕೋಣೆಯಲ್ಲೇ ಉಷ್ಣತೆ ನೋಡುತ್ತಿದ್ದರು. ಕೋಣೆಯ ಬಿಸಿಯಿಂದ ಆ ಅಂಕಿ ಕೊಂಚ ಹೆಚ್ಚಿರುತ್ತಿತ್ತು. ಯುದ್ಧ ಮುಗಿದೊಡನೆ ಬ್ರಿಟಿಷ್ ಹಡಗುಗಳ ಪಾಲು ಹೆಚ್ಚಿತು. ಅವರು ಬಕೆಟ್ಟಿನಲ್ಲಿ ನೀರೆತ್ತಿ ಅಳೆಯುತ್ತಿದ್ದರು. ಮಣ್ಣಿನ ಹೂಜಿಯ ನೀರು ತಣ್ಣಗಾಗುವಂತೆ ಆ ನೀರೂ ಗಾಳಿಗೆ ಆರಿ ತಣ್ಣಗಾಗುತ್ತಿತ್ತು. ಸಮುದ್ರ ತಣ್ಣಗಾಗಿರಲಿಲ್ಲ, ಅಳೆಯುವ ರೀತಿ ಬದಲಾಗಿತ್ತು! ಯಾರೂ ಸುಳ್ಳು ಬರೆದಿರಲಿಲ್ಲ. ಆದರೆ ಎಷ್ಟೋ ದಾಖಲೆಗಳಲ್ಲಿ 'ಹೀಗೆ ಅಳೆದೆವು' ಎಂಬ ಒಂದು ಮಾತು ಇರಲಿಲ್ಲ. ಅದರಿಂದಾಗಿ ಒಗಟು ಬಿಡಿಸಲು ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮಿತ್ರರೇ, ಕಲ್ಲಿದ್ದಲು ಎಣಿಸಿದ ಪಿಯರ್ನ್‌ಗೆ ತನ್ನ ಅಂಕಿ ಎಲ್ಲಿಗೆ ಮುಟ್ಟುವುದೆಂದು ತಿಳಿದಿರಲಿಲ್ಲ. ನೀರಿನ ಉಷ್ಣತೆ ಬರೆದ ಎಂಜಿನಿಯರುಗಳಿಗೂ ತಿಳಿದಿರಲಿಲ್ಲ. ನಿಮ್ಮಲ್ಲಿ ಕೆಲವರು ಮುಂದೆ ಮೆರೀನ್ ಎಂಜಿನಿಯರಿಂಗ್ ಓದಿ ಹಡಗು ಹತ್ತಬಹುದು. ಉಳಿದವರು ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಹೊಲದಲ್ಲೋ ಒಂದಲ್ಲ ಒಂದು ಪುಸ್ತಕ ತುಂಬಿಸಬೇಕಾದೀತು. ಈ ವಾರವೇ ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನಿಮ್ಮ ಬಾವಿಯ ನೀರಿನ ಮಟ್ಟವನ್ನೋ ಮನೆಯ ವಿದ್ಯುತ್ ಮೀಟರನ್ನೋ ನೋಡಿ ಬರೆಯಿರಿ. ಯಾವ ಹೊತ್ತಿಗೆ, ಯಾವುದರಿಂದ, ಹೇಗೆ ಅಳೆದಿರಿ ಎಂಬುದನ್ನೂ ಪಕ್ಕದಲ್ಲಿ ನಮೂದಿಸಿ. ಒಂದು ದಿನ ಮರೆತರೆ ಆ ಜಾಗವನ್ನು ಖಾಲಿ ಬಿಡಿ. ಊಹಿಸಿ ತುಂಬಬೇಡಿ.