ಕೇಳುಗರು ಉಳಿಸಿಕೊಂಡ ಬಾನುಲಿ

ಬಾನುಲಿ ಇನ್ನೂ ಸರ್ಕಾರದ ಸೊತ್ತೂ ಆಗಿರದ, ಸಾರ್ವಜನಿಕರ ಸೊತ್ತೂ ಆಗಿರದ ಕಾಲವೊಂದಿತ್ತು. 1920ರ ದಶಕದಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳ ಹವ್ಯಾಸಿಗಳು ರೇಡಿಯೊ ಕ್ಲಬ್ಬುಗಳನ್ನು ಕಟ್ಟಿಕೊಂಡು ಪುಟ್ಟ ಪ್ರೇಷಕಗಳನ್ನು ನಡೆಸುತ್ತಿದ್ದರು. ಮದರಾಸಿನ ಕ್ಲಬ್ಬು 1924ರಲ್ಲಿ ಪ್ರಸಾರ ತೊಡಗಿ, ಕೈಯಲ್ಲಿ ಹಣವಿಲ್ಲದೆ 1927ರಲ್ಲಿ ನಿಂತುಹೋಯಿತು. ಅದರ ಪ್ರೇಷಕವನ್ನು ಪಡೆದ ಮದರಾಸು ಕಾರ್ಪೊರೇಷನ್ 1930ರ ಏಪ್ರಿಲ್‌ನಿಂದ ಪುರಜನರಿಗೆ ಸಂಗೀತವನ್ನೂ ಶಾಲೆಯ ಮಕ್ಕಳಿಗೆ ಪಾಠವನ್ನೂ ಬಿತ್ತರಿಸತೊಡಗಿತು. ಖಾಸಗಿ ಉತ್ಸಾಹ ಸೋತಲ್ಲಿ ಊರು ಕೈಹಿಡಿದ ಮೊದಲ ನಿದರ್ಶನ ಅದು.

ದೊಡ್ಡ ಪ್ರಯತ್ನ ನಡೆದದ್ದು ಮುಂಬಯಿಯಲ್ಲಿ. 1927ರ ಜುಲೈ 23ರಂದು ವೈಸರಾಯ್ ಲಾರ್ಡ್ ಇರ್ವಿನ್ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರವನ್ನು ಉದ್ಘಾಟಿಸಿದ. ಆಗಸ್ಟ್ 26ರಂದು ಕಲ್ಕತ್ತ ಕೇಂದ್ರವೂ ದನಿಯೆತ್ತಿತು. ಇವೆರಡರ ಶಕ್ತಿ ತಲಾ ಒಂದೂವರೆ ಕಿಲೊವ್ಯಾಟ್. ಮೂವತ್ತು ಮೈಲಿಯಾಚೆಗೆ ದನಿ ತಲುಪುವುದೇ ಕಷ್ಟವಾಗಿತ್ತು. ಕೂಡಿಬಂದ ಆರು ಲಕ್ಷ ರೂಪಾಯಿ ಬಂಡವಾಳದಲ್ಲಿ ನಾಲ್ಕೂವರೆ ಲಕ್ಷ ಕೇಂದ್ರಗಳನ್ನು ಕಟ್ಟುವುದಕ್ಕೇ ಕರಗಿತು.

ಅಂದಿನ ಕೇಳುಗನ ಪಾಡನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಊರಿನೊಳಗಿನವರಿಗೆ ಅಗ್ಗದ ಹರಳು ರೇಡಿಯೊ ಸಾಕಾಗುತ್ತಿತ್ತು. ಅದಕ್ಕೆ ಬ್ಯಾಟರಿ ಬೇಡ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಖನಿಜದ ಹರಳೊಂದರ ಮೈಮೇಲೆ ತೆಳುವಾದ ತಂತಿಯ ತುದಿಯನ್ನು ಅಲ್ಲಿ ಇಲ್ಲಿ ತಾಗಿಸುತ್ತ ಹೋಗಬೇಕು. ಎಲ್ಲೋ ಒಂದು ಬಿಂದುವಿನಲ್ಲಿ ಸ್ವರ ಸಿಕ್ಕುತ್ತದೆ. ಕೈ ಅಲುಗಿದರೆ ತಪ್ಪಿಹೋಗುತ್ತದೆ. ದೂರದವರಿಗಾದರೆ ನೂರಾರು ರೂಪಾಯಿಯ ವಾಲ್ವ್ ಪೆಟ್ಟಿಗೆಯೇ ಬೇಕು. ಇದರ ಮೇಲೆ ವರ್ಷಕ್ಕೆ ಹತ್ತು ರೂಪಾಯಿಯ ಲೈಸೆನ್ಸು. ಅದರಲ್ಲಿ ಶೇಕಡ 80 ಕಂಪನಿಗೆ ಸಲ್ಲುತ್ತಿತ್ತು. ಲೈಸೆನ್ಸು ಪಡೆದವರು 1927ರ ಕೊನೆಗೆ ಸುಮಾರು ಮೂರೂವರೆ ಸಾವಿರ, 1930ರ ಕೊನೆಗೂ ಎಂಟು ಸಾವಿರದೊಳಗೆ. ಪಡೆಯದೆ ಕೇಳಿದವರು ಬೇರೆ. ಮೂವತ್ತೈದು ಕೋಟಿ ಜನರ ದೇಶದಲ್ಲಿ ಇಷ್ಟನ್ನೇ ನೆಚ್ಚಿದ ಕಂಪನಿ ಬಾಳುವುದೆಂತು? 1930ರ ಮಾರ್ಚ್ 1ರಂದು ಅದು ಮುಚ್ಚಿತು.

ಬಾನುಲಿ ಮೌನವಾಗಬಾರದೆಂಬ ಒತ್ತಾಯಕ್ಕೆ ಓಗೊಟ್ಟು, ಏಪ್ರಿಲ್ 1ರಿಂದ ಎರಡು ವರ್ಷ ಪ್ರಯೋಗವಾಗಿ ನಡೆಸುವುದಾಗಿ ಸರ್ಕಾರವೇ ಕೇಂದ್ರಗಳನ್ನು ವಹಿಸಿಕೊಂಡಿತು. ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್ ಹುಟ್ಟಿದ್ದು ಹೀಗೆ. ಆದರೆ ಅದು ಹುಟ್ಟಿದ ಗಳಿಗೆ ಒಳ್ಳೆಯದಾಗಿರಲಿಲ್ಲ. ಜಗತ್ತನ್ನೆಲ್ಲ ಕವಿದ ಆರ್ಥಿಕ ಮುಗ್ಗಟ್ಟು ಭಾರತಕ್ಕೂ ಬಂದಿತ್ತು. ಬೆಳೆಯ ಬೆಲೆ ನೆಲಕಚ್ಚಿತ್ತು, ಖಜಾನೆ ಬರಿದಾಗುತ್ತಿತ್ತು. 1931ರಲ್ಲಿ ವೆಚ್ಚ ಕಡಿತದ ಸಮಿತಿ ಕುಳಿತು ಇಲಾಖೆ ಇಲಾಖೆಗೂ ಕತ್ತರಿ ಹಾಕಿತು, ನೌಕರರ ಸಂಬಳವೂ ಇಳಿಯಿತು. ಆ ಲೆಕ್ಕದ ಪುಸ್ತಕದಲ್ಲಿ ಬಾನುಲಿ ದಂಡದ ಖರ್ಚಾಗಿ ಕಂಡಿತು. ಅಕ್ಟೋಬರ್ ತಿಂಗಳಲ್ಲಿ ಪ್ರಸಾರವನ್ನು ನಿಲ್ಲಿಸುವ ತೀರ್ಮಾನ ಹೊರಬಿತ್ತು.

ಅದನ್ನು ದೇಶ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಪ್ರತಿಭಟನೆ ಹಲವೆಡೆ ಎದ್ದಿತು, ಬಂಗಾಳದಲ್ಲಿ ವಿಶೇಷವಾಗಿ ಬಿಸಿಯೇರಿತು. ಅದಕ್ಕೆ ಕಾರಣವಿತ್ತು. ಕಲ್ಕತ್ತದ ಡಾಲ್‌ಹೌಸಿ ಚೌಕದ ಬಳಿಯ 1, ಗಾರ್ಸ್ಟಿನ್ ಪ್ಲೇಸಿನ ಕಟ್ಟಡದಲ್ಲಿ ನೃಪೇಂದ್ರನಾಥ ಮಜುಂದಾರ್, ಪಂಕಜ್ ಮಲ್ಲಿಕ್, ಬೀರೇಂದ್ರಕೃಷ್ಣ ಭದ್ರರಂಥವರು ಪ್ರಸಾರವನ್ನು ಬಂಗಾಳಿಗರ ಮನೆಮಾತಾಗಿಸಿದ್ದರು. ಹಾಡು, ನಾಟಕ, ಮಾತು ಎಲ್ಲವೂ ಜನರ ನುಡಿಯಲ್ಲೇ ಬರುತ್ತಿತ್ತು. ಕಾರ್ಯಕ್ರಮಗಳನ್ನು ಸಾರುವ ‘ಬೇತಾರ್ ಜಗತ್’ ಪತ್ರಿಕೆ 1929ರಿಂದ ಮನೆಗಳಿಗೆ ಬರುತ್ತಿತ್ತು. ಇಂದಿಗೂ ಮಹಾಲಯದ ನಸುಕಿನಲ್ಲಿ ಬಂಗಾಳವನ್ನು ಎಬ್ಬಿಸುವ ‘ಮಹಿಷಾಸುರಮರ್ದಿನಿ’ ಹುಟ್ಟಿದ್ದೂ 1930ರ ದಶಕದ ಆರಂಭದಲ್ಲೇ. ಲೆಕ್ಕಿಗರಿಗೆ ಖರ್ಚಾಗಿ ಕಂಡದ್ದು ಕೇಳುಗರಿಗೆ ತಮ್ಮ ಮನೆಯ ಬೆಳಗಾಗಿತ್ತು, ಸಂಜೆಯಾಗಿತ್ತು. ಸರ್ಕಾರದ ಮಾತನ್ನು ನಂಬಿ ಪೆಟ್ಟಿಗೆಗಳನ್ನು ತರಿಸಿ ಅಂಗಡಿ ತುಂಬಿಕೊಂಡಿದ್ದ ವರ್ತಕರೂ ಅವರ ಜೊತೆಗೂಡಿದರು.

ನವೆಂಬರ್ ಮುಗಿಯುವುದರೊಳಗೆ ಸರ್ಕಾರ ತನ್ನ ತೀರ್ಮಾನವನ್ನು ಹಿಂದಕ್ಕೆ ಪಡೆಯಿತು. ಉಳಿಸಿಕೊಂಡದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ರೇಡಿಯೊ ಪೆಟ್ಟಿಗೆಗಳ ಆಮದು ಸುಂಕ ಶೇಕಡ 25ರಿಂದ 50ಕ್ಕೆ ಏರಿತು. ಬಾನುಲಿ ಬೇಕೆಂದವರೇ ಅದರ ಭಾರವನ್ನೂ ಹೊತ್ತರು. 1932ರ ಮೇ ತಿಂಗಳಲ್ಲಿ, ಪ್ರಸಾರವನ್ನು ಕಾಯಂ ಆಗಿ ಸರ್ಕಾರದ ಹೊಣೆಯಲ್ಲೇ ಮುಂದುವರಿಸುವ ನಿರ್ಧಾರವಾಯಿತು. ಅದೇ ಡಿಸೆಂಬರಿನಲ್ಲಿ ಬಿ.ಬಿ.ಸಿ.ಯ ಎಂಪೈರ್ ಸರ್ವಿಸ್ ಆರಂಭವಾಗಿ ಪೆಟ್ಟಿಗೆಗಳ ಮಾರಾಟಕ್ಕೆ ಇಂಬು ಸಿಕ್ಕಿತು. ಲೈಸೆನ್ಸಿಲ್ಲದೆ ಪೆಟ್ಟಿಗೆ ಇಟ್ಟುಕೊಳ್ಳುವುದೇ ಅಪರಾಧವೆಂದು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಸಾರಿತು. ಲೈಸೆನ್ಸುಗಳು 1934ರ ಕೊನೆಗೆ ಹದಿನಾರು ಸಾವಿರ ದಾಟಿದವು. ಮುಚ್ಚಲು ಹೊರಟಿದ್ದ ಸರ್ಕಾರವೇ ದೆಹಲಿಯಲ್ಲಿ 20 ಕಿಲೊವ್ಯಾಟಿನ ಕೇಂದ್ರ ಕಟ್ಟಿ 1936ರ ಜನವರಿ 1ರಂದು ತೆರೆಯಿತು. ಬಿ.ಬಿ.ಸಿ.ಯಿಂದ ಬಂದ ಲಯೊನೆಲ್ ಫೀಲ್ಡನ್ನನ ಆಡಳಿತದಲ್ಲಿ, ಆ ವರ್ಷದ ಜೂನ್ 8ರಂದು ಸಂಸ್ಥೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ತಳೆಯಿತು.

ಇತ್ತ ಮೈಸೂರು ಸಂಸ್ಥಾನದಲ್ಲಿ ಯಾವ ಸರ್ಕಾರದ ಆಜ್ಞೆಗೂ ಕಾಯದೆ ಒಬ್ಬ ಮೇಷ್ಟರು ಕೆಲಸಕ್ಕಿಳಿದಿದ್ದರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಪ್ರೇಷಕದ ಶಕ್ತಿ 30 ವ್ಯಾಟ್, ನಡುಮನೆಯ ದೀಪವೊಂದು ಉರಿಯಲು ಬೇಕಾದಷ್ಟು. ಅಷ್ಟರಲ್ಲೇ ಕನ್ನಡದ ಕಾವ್ಯ, ಸಂಗೀತ, ವಿಚಾರಗಳು ಮೈಸೂರಿನ ಗಾಳಿಯಲ್ಲಿ ಹರಿದವು. ವರ್ಷಗಳ ಕಾಲ ತಮ್ಮ ಜೇಬಿನಿಂದಲೇ ಹಣ ಹಾಕಿ ಅದನ್ನು ಸಾಕಿದ ಗೋಪಾಲಸ್ವಾಮಿಯವರು ಅದನ್ನೆಂದೂ ಸ್ವಂತ ಸೊತ್ತೆಂದು ಬಗೆಯಲಿಲ್ಲ. 1940ರ ದಶಕದ ಆರಂಭದಲ್ಲಿ ಕೇಂದ್ರವು ನಗರಸಭೆಯ ಕೈಗೆ, ಆಮೇಲೆ ಸಂಸ್ಥಾನದ ಸರ್ಕಾರದ ಕೈಗೆ ಹೋಯಿತು. 1950ರ ಏಪ್ರಿಲ್‌ನಲ್ಲಿ ಆಲ್ ಇಂಡಿಯಾ ರೇಡಿಯೊದೊಳಗೆ ಸೇರಿತು. ಇಂದು ಆಕಾಶವಾಣಿಯಲ್ಲಿ ಕನ್ನಡ ಕೇಳುವ ನಾವೆಲ್ಲ ಆ ಮೇಷ್ಟರ ಋಣದಲ್ಲಿದ್ದೇವೆ.

ಸಾರ್ವಜನಿಕ ಪ್ರಸಾರ ದೊರೆಗಳ ಕೃಪೆಯಿಂದ ಉಳಿದದ್ದಲ್ಲ, ಮಾರುಕಟ್ಟೆಯ ಲಾಭದಿಂದಂತೂ ಅಲ್ಲವೇ ಅಲ್ಲ. ಕಂಪನಿ ಕೈಬಿಟ್ಟಿತು, ಸರ್ಕಾರ ಕೈಬಿಡಲು ಹೊರಟಿತು. ಕೊನೆಗೆ ಕೈಬಿಡದೆ ನಿಂತವರು ಕೇಳುಗರು. ಅವರಿಗೆ ನೈತಿಕ ಬಲ ಕೊಟ್ಟದ್ದು ಅಂಚೆ ಕಚೇರಿಯಲ್ಲಿ ಹತ್ತು ರೂಪಾಯಿ ಕೊಟ್ಟು ಪಡೆದ ಆ ಕಾಗದ. ನಾನು ಹಣ ತೆತ್ತಿದ್ದೇನೆ, ಇದು ನನ್ನದು ಎಂದು ಅವರು ಹೇಳಬಹುದಿತ್ತು.

1980ರ ದಶಕದಲ್ಲಿ ಭಾರತದ ಮನೆಗಳಿಂದ ಆ ಲೈಸೆನ್ಸು ಮರೆಯಾಯಿತು. ಅದು ಬಡವನಿಗೆ ಉಪಕಾರವಾಯಿತು, ನಿಜ. ಆದರೆ ಅಂದಿನಿಂದ ಬಾನುಲಿಯ ಅನ್ನ ಬಜೆಟ್ಟಿನ ಒಂದು ಸಾಲಿನಲ್ಲಿ ನಿರ್ಧಾರವಾಗುತ್ತ ಬಂದಿದೆ. ಆ ಸಾಲು ಸಣ್ಣದಾದಾಗ ಮೊದಲು ತತ್ತರಿಸುವುದು ಕೃಷಿರಂಗ, ಜಾನಪದ, ಶಾಸ್ತ್ರೀಯ ಸಂಗೀತ, ಮಕ್ಕಳ ಕಾರ್ಯಕ್ರಮ, ಸಣ್ಣ ಊರಿನ ಕೇಂದ್ರ. ಎಂದರೆ ಜಾಹೀರಾತುದಾರ ಎಂದೂ ಕಣ್ಣೆತ್ತಿ ನೋಡದ ಸಂಗತಿಗಳೇ. ಲೈಸೆನ್ಸು ಹೋದರೂ ನಾವು ಹಣ ತೆರುವುದು ನಿಂತಿಲ್ಲ; ಅದು ಈಗ ತೆರಿಗೆಯ ರೂಪದಲ್ಲಿ ಹೋಗುತ್ತಿದೆ. 1931ರಲ್ಲಿ ಕೆಲವೇ ಸಾವಿರ ಜನರಿಗಿದ್ದ ಹಕ್ಕು ಇಂದು ಕೋಟ್ಯಂತರ ಜನರಿಗಿದೆ. ಕಡಿತದ ಮಾತು ಎದ್ದಾಗಲೆಲ್ಲ ಆ ಹಕ್ಕನ್ನು ಬಾಯಿಬಿಟ್ಟು ಕೇಳಬೇಕು. ಪತ್ರ ಬರೆಯಬೇಕು, ಪ್ರತಿನಿಧಿಗಳನ್ನು ಪ್ರಶ್ನಿಸಬೇಕು, ಎಲ್ಲಕ್ಕಿಂತ ಮೊದಲು ಕೇಳುಗರಾಗಿ ಉಳಿಯಬೇಕು. ಅಂದಿನವರು ಎರಡು ತಿಂಗಳೊಳಗೆ ಒಂದು ಸಾಮ್ರಾಜ್ಯದ ತೀರ್ಮಾನವನ್ನೇ ತಿರುಗಿಸಿದರು. ನಾವು ಮಾತಾಡಬೇಕಾದದ್ದು ನಾವೇ ಆರಿಸಿದ ಸರ್ಕಾರದ ಜೊತೆ.