ಎಷ್ಟ ಬಂಗಾರ ಸಿಕ್ತ್ರೀ?

ಲಕ್ಕುಂಡಿಯಲ್ಲಿ ಮನೆ ಪಾಯ ತೆಗೆಯುವಾಗ ಬಂಗಾರದ ಒಡವೆ ತುಂಬಿದ ತಂಬಿಗೆ ಸಿಕ್ಕ ಸುದ್ದಿ ಬಂದದ್ದು 2026ರ ಜನವರಿಯಲ್ಲಿ. ಅವತ್ತು ಹುಬ್ಬಳ್ಳಿಯಿಂದ, ಧಾರವಾಡದಿಂದ ಫೋನ್ ಮಾಡಿದವರದೆಲ್ಲ ಒಂದೇ ಪ್ರಶ್ನೆ: ‘ಎಷ್ಟ ಬಂಗಾರ ಸಿಕ್ತ್ರೀ ಸರ?’ ನಾವೇನು ಕಡಿಮೆಯೇ? ಪರದೆ ತುಂಬ ತೂಕದ್ದೇ ಸುದ್ದಿ. ಅರ್ಧ ಕಿಲೋ ಹತ್ತಿರ ಅಂದೆವು, ಮುಂದಿನ ಸುದ್ದಿಗೆ ಹೋದೆವು.

ವೀಕ್ಷಕರೇ, ಲಕ್ಕುಂಡಿಯಲ್ಲಿ ಬಂಗಾರ ಸಿಗುವುದು ಆಶ್ಚರ್ಯವೇ ಅಲ್ಲ. ಗದಗದಿಂದ 12 ಕಿ.ಮೀ. ದೂರದ ಈ ಊರು ಶಾಸನಗಳಲ್ಲಿ ಲೊಕ್ಕಿಗುಂಡಿ. ಇಲ್ಲಿ ಟಂಕಸಾಲೆ ಇತ್ತು. ಇಲ್ಲಿ ಅಚ್ಚಾದ ಬಂಗಾರದ ನಾಣ್ಯಕ್ಕೆ ಊರಿನದೇ ಹೆಸರು, ಲೊಕ್ಕಿ ಗದ್ಯಾಣ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ವ್ಯಾಪಾರದ ಊರು, ಮುಂದೆ ಹೊಯ್ಸಳ ಇಮ್ಮಡಿ ಬಲ್ಲಾಳ ಬಂದು ಕೂತ ನೆಲೆ. 1007ರ ಸುಮಾರಿಗೆ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇವತ್ತಿಗೂ ನಿಂತಿದೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಆಕೆ. ಪ್ರೆಸ್ ಇರಲಿಲ್ಲ, ಕಾಗದ ಇರಲಿಲ್ಲ, ತಾಳೆಗರಿ ಮೇಲೆ ಸಾವಿರ ಪ್ರತಿ! ಆ ಲಿಪಿಕಾರರಿಗೆ ಕೂಲಿ ಎಷ್ಟು ಬಿದ್ದಿರಬೇಕು, ನೀವೇ ಲೆಕ್ಕ ಹಾಕಿ.

ಹಾಗಂತ ಸಿಕ್ಕ ಒಡವೆ ಅತ್ತಿಮಬ್ಬೆಯದೇ ಅಂತ ಯಾರೂ ಕೂಗಬೇಡಿ. ಹಳೇ ಊರಿನ ಮಣ್ಣಿನಲ್ಲಿ ನಂತರದವರು ಹೂತಿಟ್ಟದ್ದೂ ಇರುತ್ತದೆ. ತಂಬಿಗೆ ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಎಂಥಾ ಮಡಕೆ ಚೂರು ಇತ್ತು, ಯಾವ ಮಣ್ಣಿನ ಪದರ? ಕಾಲ ಹೇಳುವುದು ಇವು, ತಕ್ಕಡಿಯಲ್ಲ. ಹಾರೆ ಬಿದ್ದು ತಂಬಿಗೆ ಮೇಲೆ ಬಂದ ಮೇಲೆ ಆ ಸಾಕ್ಷಿಯಲ್ಲಿ ಅರ್ಧ ಹೋದಂತೆಯೇ. ಅದಕ್ಕೇ ಕೋಟೆ ವೀರಭದ್ರೇಶ್ವರ ಗುಡಿ ಆವರಣದಲ್ಲಿ ಶುರುವಾದ ಉತ್ಖನನ ಚಿನ್ನದ ತಂಬಿಗೆಗಿಂತ ದೊಡ್ಡದು. ಅಲ್ಲಿ ಮಣ್ಣನ್ನು ಪದರ ಪದರವಾಗಿ ತೆಗೆಯುತ್ತಾರೆ, ಬರೆದಿಡುತ್ತಾರೆ. ಟಿವಿಗೆ ಅದು ಬೋರು, ಗೊತ್ತು.

ಇನ್ನು ಊರವರ ಮಾತು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೇಳಿಕೊಳ್ಳುವ ಊರು ಅದು. ಗೋಡೆಗೆ ಗೋಡೆ ಹಚ್ಚಿ ಮನೆಗಳಿವೆ, ಗುಡಿಯ ಕಲ್ಲು ಹಿತ್ತಿಲಲ್ಲಿ ಬಿದ್ದಿವೆ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ಗೆ ಪರವಾನಗಿ ಬೇಕು. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಅದೂ ಕಾನೂನೇ. ಆ ಮನೆಯವರು ತಾವಾಗಿ ತಂದು ಒಪ್ಪಿಸಿದರು. ಇಡೀ ರಾಜ್ಯ ಶಹಬ್ಬಾಸ್ ಅಂದಿತು. ಆದರೆ ಕಟ್ಟಬೇಕಾಗಿದ್ದದ್ದು ಮನೆ, ತೆಗೆದದ್ದು ಅದರ ಪಾಯ. ನಾಳೆ ಪಕ್ಕದ ಓಣಿಯವನ ಹಾರೆಗೆ ಇನ್ನೊಂದು ತಂಬಿಗೆ ತಾಗಿದರೆ ಅವನು ಮೊದಲು ಯೋಚಿಸುವುದು ಚಾಲುಕ್ಯರ ಬಗ್ಗೆ ಅಲ್ಲ, ತನ್ನ ಜಾಗ ಹೋದೀತೇ ಅಂತ. ಅವನಿಗೆ ಬದಲಿ ಜಾಗ, ಪರಿಹಾರ, ಅದೂ ತಿಂಗಳೊಳಗೆ ಸಿಗುತ್ತದೆ ಅಂತ ಊರಿಗೇ ಮೊದಲು ಬರೆದು ಕೊಡಲಿ. ಇಲ್ಲದಿದ್ದರೆ ಅವನು ರಾತ್ರೋರಾತ್ರಿ ಮಣ್ಣು ಮುಚ್ಚಿ ಕಾಂಕ್ರೀಟ್ ಹಾಕುತ್ತಾನೆ. ಒಂದು ಶಾಸನದ ಕಲ್ಲೂ ಅದರಡಿ ಹೋದೀತು.